ಬಿದಿರು ಎರಡು ದಿನ ಮೊದಲೇ ಬರುತ್ತದೆ: ಪುಣೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಪುಣೆ ಜಿಲ್ಲಾಧಿಕಾರಿ ಸಾಹೇಬರಿಗೆ ನಮಸ್ಕಾರ.

ನಾನು ಬಿದಿರು ಮಾರುವವಳು. ಬರೆಯುತ್ತಿರುವುದು ಮಾತ್ರ ಕಟ್ಟಡದ ಸೈಟುಗಳಲ್ಲಿ ನಡೆಯುವ ಬಾಲ್ಯವಿವಾಹದ ಬಗ್ಗೆ. ಪುಣೆಯಲ್ಲಿ ನಮ್ಮದೊಂದು ಸಣ್ಣ ವಖಾರಿ ಇದೆ. ಕಟ್ಟಡದವರಿಗೆ ಪರಾಂಚಿಗೆ, ಗಣಪತಿ ಮಂಡಳದವರಿಗೆ ಮಂಟಪಕ್ಕೆ, ಮದುವೆಯವರಿಗೆ ಹಂದರಕ್ಕೆ ಗಳ ಕೊಡುತ್ತೇವೆ. ಪರಾಂಚಿ ಅಂದರೆ ಗಿಲಾಯಿ ಮಾಡುವವರು ನಿಲ್ಲುವ ಅಟ್ಟಣೆ. ಬೆಂಗಳೂರು ಕಡೆ ಅದಕ್ಕೆ ಸಾರುವೆ ಅಂತಾರಂತೆ. ನಾವು ಮೇದಾರರು, ಮೂಲ ವಿಜಯಪುರ ಜಿಲ್ಲೆ. ರವಿವಾರ ಪೇಠೆಯ ಬುರುಡ ಆಳಿಯಲ್ಲಿ ನಮ್ಮದೇ ಕಸುಬಿನ ಮರಾಠಿ ಮಂದಿ ಇದ್ದಾರೆ. ಅವರು ಬುರುಡರು, ನಾವು ಮೇದಾರರು. ಕೈಯಲ್ಲಿರುವ ಕತ್ತಿ ಮಾತ್ರ ಒಂದೇ.

ಪತ್ರ ಕನ್ನಡದಲ್ಲಿ ಯಾಕೆ ಅಂತ ಕೇಳಬಹುದು. ಮರಾಠಿ ದಿನವಿಡೀ ಮಾತಾಡುತ್ತೇನೆ. ಆದರೆ ಬರೆಯೋಕೆ ಕೂತರೆ ಕೈಗೆ ಬರುವುದು ಕನ್ನಡವೇ. ಮಗ ಮರಾಠಿ ಪ್ರತಿ ಮಾಡಿ ನಿಮ್ಮ ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಂಡು ಬಂದಿದ್ದಾನೆ. ಕನ್ನಡದ್ದು ಬಹಿರಂಗವಾಗಿ ಇರಲಿ. ವಾಘೋಲಿ, ಹಿಂಜವಡಿ, ರಾವೇತ್ ಸೈಟುಗಳಲ್ಲಿ ಇಂಡಿ, ಸಿಂದಗಿ, ಅಫಜಲಪುರ, ಸುರಪುರ, ಶಹಾಪುರದ ಮಂದಿ ಇದ್ದಾರೆ. ಅವರಲ್ಲಿ ಓದು ಬಂದವರು ಬಾರದವರಿಗೆ ಓದಿ ಹೇಳಲಿ ಅಂತ.

ಹೋದ ವರ್ಷ ಬಸವ ಜಯಂತಿಗೆ ಇನ್ನೂ ನಾಲ್ಕು ದಿನ ಇತ್ತು. ಸೈಟಿಗೆ ಕೂಲಿಯಾಳು ತರುವ ಒಬ್ಬ ಮುಕಾದಮ ಬಂದ. ಅವನ ಜೊತೆ ಒಬ್ಬ ಅಪ್ಪ, ಒಬ್ಬಳು ಹುಡುಗಿ.

"ಅಕ್ಕಾರ, ಹಂದರಕ್ಕ ಇಪ್ಪತ್ತು ಗಳ ಬೇಕ್ರಿ. ಎರಡ ದಿನದ ಬಾಡಿಗಿ ಹಚ್ರಿ."

ಗಂಡಸರಿಬ್ಬರೂ ಬಾಡಿಗೆ ಚೌಕಾಸಿ ಮಾಡುತ್ತ ನಿಂತರು. ಹುಡುಗಿ ಬಿದಿರಿನ ರಾಶಿ ಮೇಲೆ ಕೂತಳು. ನಾನು ಒಂದೊಂದೇ ಗಳ ಎಳೆದು ಕತ್ತಿಯ ಹಿಂಬದಿಯಿಂದ ಬಡಿದು ನೋಡುತ್ತಿದ್ದೆ. ಅದು ನಮ್ಮ ರೂಢಿ. "ಯಾಕ್ರಿ ಹಂಗ ಬಡಿತೀರಿ?" ಅಂತ ಕೇಳಿದಳು. ವಯಸ್ಸು ನೋಡ್ತೀನಿ ಅಂದೆ. ಬಲಿತ ಗಳ ಟಣ್ ಅನ್ನುತ್ತದೆ, ಎಳೇದು ಬೊದ್ದೆನ್ನುತ್ತದೆ. ಮೊದಲ ವರ್ಷದ ಗಳದ ಗೆಣ್ಣಿಗೆ ಹಾಳೆ ಇನ್ನೂ ಅಂಟಿಕೊಂಡಿರುತ್ತದೆ, ಮೈಮೇಲೆ ಬಿಳಿ ಪುಡಿ ಇರುತ್ತದೆ. ಮೂರು ವರ್ಷ ತುಂಬದ್ದನ್ನು ನಾವು ಭಾರಕ್ಕೆ ಹಾಕುವುದಿಲ್ಲ. ಒಣಗುವಾಗ ಸುಕ್ಕುಗಟ್ಟಿ ಸೀಳು ಬಿಡುತ್ತದೆ. ಇದನ್ನೆಲ್ಲ ಅವಳು ಕಿವಿಗೊಟ್ಟು ಕೇಳಿದಳು. ಆಮೇಲೆ ತಾನೇ ಎದ್ದು ನಾಲ್ಕು ಗಳ ಬಡಿದು, ಒಂದನ್ನು ಬೇರೆ ಇಟ್ಟಳು. ಸರಿಯಾಗಿಯೇ ಇಟ್ಟಿದ್ದಳು.

ನನ್ನ ಚಷ್ಮಾ ಒಳಗಿತ್ತು. ರಸೀದಿ ಬರಿ ಮಗಳೇ ಅಂದೆ. ಎಂಥ ಅಕ್ಷರ ಅಂತೀರಿ! ಕಡಲೆ ಪೋಣಿಸಿದ ಹಾಗೆ. ಊರಲ್ಲಿ ಎಂಟನೆಯದು ಮುಗಿಸಿದ್ದಾಳಂತೆ. "ಮದುವೆ ಯಾರದು?" ಅಂತ ಕೇಳಿದೆ, ರಸೀದಿಗೆ ಹೆಸರು ಬೇಕಲ್ಲ. ಉಗುರಿನಿಂದ ಬಿದಿರು ಕೆರೆಯುತ್ತ ಅಂದಳು: "ನಂದ್ರಿ."

ನಾನು ಮುಕಾದಮನ ಮುಖ ನೋಡಿದೆ. ಅವನು ನಕ್ಕ. "ಆಧಾರ್‌ದಾಗ ಹತ್ತೊಂಬತ್ತು ಐತ್ರೀ ಅಕ್ಕಾರ, ಚಿಂತಿ ಬಿಡ್ರಿ." ಮದುವೆ ಪತ್ರಿಕೆ ಕೇಳಿದೆ. ಅಚ್ಚು ಹಾಕಿಸಿಲ್ಲ, ಫೋನಿನಲ್ಲೇ ಹೇಳಿದ್ದೇವೆ ಅಂದ.

ನಾನು ಗಳ ಕೊಟ್ಟೆ. ಟೆಂಪೋಗೆ ಹೇರಿಸಿದೆ. ಇಪ್ಪತ್ತು ಗಳಗಳ ವಯಸ್ಸು ಬಡಿದು ಬಡಿದು ನೋಡಿದವಳು ಅವಳ ವಯಸ್ಸನ್ನು ಎರಡನೇ ಸಲ ಕೇಳಲಿಲ್ಲ. ಹೋಲಿಕೆ ಹೊಸೆಯೋಕೆ ಇದನ್ನು ಹೇಳುತ್ತಿಲ್ಲ. ಹುಡುಗಿ ಬಿದಿರಲ್ಲ, ಬಲಿತ ಮೇಲೂ ಅವಳನ್ನು ಯಾರೂ ಭಾರಕ್ಕೆ ಹಾಕಬಾರದು. ನಡೆದದ್ದನ್ನು ನಡೆದ ಹಾಗೆ ಬರೆದೆ, ಅಷ್ಟೇ. ಆ ರಸೀದಿ ಇನ್ನೂ ನನ್ನ ಹತ್ತಿರ ಇದೆ. ತನ್ನ ಮದುವೆ ಹಂದರದ ರಸೀದಿಯನ್ನು ಅವಳೇ ಬರೆದಿದ್ದಾಳೆ.

ಮುಂದಿನದು ನಿಮಗೆ ಗೊತ್ತಿರುವ ಕಥೆಯೇ. ಈ ವರ್ಷ ಹೆರಿಗೆಗೆ ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕಾಗದ ಕೇಳಿದರು. ಊರಿನ ಶಾಲೆಯ ದಾಖಲೆ ಬಂತು. ಹದಿನಾರು ತುಂಬಿ ಏಳು ತಿಂಗಳು. ಡಾಕ್ಟರು ಪೊಲೀಸರಿಗೆ ಹೇಳಿದರು. ಹೇಳದೆ ಬೇರೆ ದಾರಿ ಇರಲಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಇಪ್ಪತ್ತೆರಡರ ಗಂಡ ಒಳಗೆ ಹೋದ. ಹಂದರಕ್ಕೆ ಚೌಕಾಸಿ ಮಾಡಿದ ಮುಕಾದಮ ಫೋನ್ ಎತ್ತಲಿಲ್ಲ. ಹುಡುಗಿ ಕೂಸನ್ನು ಕಟ್ಟಿಕೊಂಡು ಪತ್ರಾ ಶೆಡ್ಡಿಗೆ, ಅಂದರೆ ತಗಡಿನ ಶೆಡ್ಡಿಗೆ, ವಾಪಸ್ ಬಂದಳು. ಅವಳ ತಾಯಿ ನನ್ನ ಹತ್ತಿರ ಬಂದಳು, ಕೋರ್ಟಿನಲ್ಲಿ ಮರಾಠಿ ಮಾತಾಡೋಕೆ ಒಬ್ಬರು ಬೇಕು ಅಂತ. ಹೀಗೆ ಕೋರ್ಟಿನ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತು ನಾನು ಕಾನೂನು ಕಲಿತೆ. ಫೀಸು ಕೊಡದೆ ಕಲಿತದ್ದು. ಆದರೆ ಆ ತಾಯಿ ಕೊಟ್ಟಳು.

ಸಾಹೇಬರೇ, ಸೈಟಿನಲ್ಲಿ ಜನ ಏನು ತಿಳಿದುಕೊಂಡಿದ್ದಾರೆ ಗೊತ್ತಾ? "ರಿಜಿಸ್ಟರ್ ಮಾಡಿಸಿದ್ರ ತಾನ ಮದುವಿ? ಮಾಡಿಸೇ ಇಲ್ಲಂದ್ರ ಕೇಸ್ ಹ್ಯಾಂಗ ಆಕ್ಕೈತಿ?" ಬಹಳ ಮಂದಿ ಇದನ್ನು ನಿಜವಾಗಿ ನಂಬಿದ್ದಾರೆ. ನೋಂದಣಿ ಇಲ್ಲದಿದ್ದರೆ ಕಾನೂನಿಗೆ ಕಾಣುವುದಿಲ್ಲ, ಕಾಣದಿದ್ದರೆ ತಪ್ಪಿಲ್ಲ ಅಂತ. ತಲೆಕೆಳಗಾದ ಲೆಕ್ಕ. ಎಲ್ಲ ಮದುವೆಗಳನ್ನೂ ನೋಂದಣಿ ಮಾಡಿಸಬೇಕು ಅಂತ ಸುಪ್ರೀಂ ಕೋರ್ಟು 2006ರಲ್ಲೇ ಹೇಳಿತು. ಮಹಾರಾಷ್ಟ್ರದಲ್ಲಿ ಅದಕ್ಕೆ 1998ರ ಕಾಯ್ದೆಯೇ ಇದೆ. ಆದರೆ ನೋಂದಣಿ ಆಗಲಿಲ್ಲ ಅಂದ ಮಾತ್ರಕ್ಕೆ ಆದ ಮದುವೆ ಆಗದೇ ಹೋಗುವುದಿಲ್ಲ. ಅಕ್ಷತೆ ಬಿದ್ದ ಕ್ಷಣಕ್ಕೆ ಅಪರಾಧ ಆಗಿಹೋಗಿರುತ್ತದೆ. ಇನ್ನು ಕೆಲವರು ಇವರಿಗಿಂತ ಜಾಣರು. ಹುಡುಗಿಗೆ ಹದಿನೆಂಟು ತುಂಬಿದ ಮೇಲೆ ಹೊಸ ತಾರೀಕು ಹಾಕಿ ಬರೆಸಿದರಾಯ್ತು ಅಂತಾರೆ. ಲೆಕ್ಕಕ್ಕೆ ಬರುವುದು ಮದುವೆ ನಡೆದ ದಿನದ ವಯಸ್ಸು. ಹುಡುಗಿಗೆ 18, ಹುಡುಗನಿಗೆ 21.

ನೋಂದಣಿ ಕಚೇರಿಯಲ್ಲಿ ವಯಸ್ಸಿನ ಪುರಾವೆ ಕೇಳುತ್ತಾರೆ. ಅದಕ್ಕೇ ಈ ಮಂದಿ ಆ ಕಡೆ ಸುಳಿಯುವುದಿಲ್ಲ. ನೋಂದಣಿ ಇಲ್ಲದ ಮದುವೆ ಬರೀ ಸೋಮಾರಿತನದ್ದಲ್ಲ, ಎಷ್ಟೋ ಸಲ ಬಚ್ಚಿಟ್ಟದ್ದು. ಸರಕಾರದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 20ರಿಂದ 24 ವಯಸ್ಸಿನ ಹೆಂಗಸರಲ್ಲಿ 18ಕ್ಕೂ ಮೊದಲೇ ಮದುವೆಯಾದವರು ಮಹಾರಾಷ್ಟ್ರದಲ್ಲಿ ಶೇಕಡಾ 21.9, ಕರ್ನಾಟಕದಲ್ಲಿ 21.3. ಐವರಲ್ಲಿ ಒಬ್ಬಳು ಅಂದ ಹಾಗಾಯ್ತು. ಇವರಲ್ಲಿ ಎಷ್ಟು ಮದುವೆ ನಿಮ್ಮ ನೋಂದಣಿ ಪುಸ್ತಕಕ್ಕೆ ಬಂದಿದ್ದಾವು ಹೇಳಿ?

ಇನ್ನೊಂದು ವಿಚಿತ್ರ ನನಗೆ ಕೋರ್ಟಿನಲ್ಲೇ ತಿಳಿದದ್ದು. ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದ್ದು, ಇಡೀ ದೇಶಕ್ಕೆ ಒಂದೇ. ಆದರೆ ಕರ್ನಾಟಕ ತನ್ನ 2016ರ ತಿದ್ದುಪಡಿಯಲ್ಲಿ ಇಂಥ ಮದುವೆ ಮೊದಲಿಂದಲೇ ಅಸಿಂಧು ಅಂತ ಮಾಡಿಕೊಂಡಿದೆ. ಕನಿಷ್ಠ ಒಂದು ವರ್ಷ ಶಿಕ್ಷೆಯನ್ನೂ ಇಟ್ಟಿದೆ. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಇಲ್ಲಿ ಆ ಮದುವೆ ನಿಂತೇ ಇರುತ್ತದೆ, ಯಾರು ಬಾಲ್ಯದಲ್ಲಿ ಮದುವೆಯಾದರೋ ಅವರೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಪ್ರಾಯಕ್ಕೆ ಬಂದ ಮೇಲೆ ಎರಡು ವರ್ಷದೊಳಗೆ, ಅಂದರೆ ಹುಡುಗಿಗೆ ಇಪ್ಪತ್ತು ತುಂಬುವುದರೊಳಗೆ. ಅದೇ ಹಂದರ ಸಿಂದಗಿಯಲ್ಲಿ ಹಾಕಿದ್ದರೆ ಮದುವೆಯೇ ಅಲ್ಲ, ವಾಘೋಲಿಯಲ್ಲಿ ಹಾಕಿದ್ದಕ್ಕೆ ಮದುವೆ. ಒಂದು ರಾತ್ರಿಯ ದಾರಿ, ಅಷ್ಟರಲ್ಲಿ ಕಾನೂನು ಬದಲು. ಎರಡು ಊರಿನ ನಡುವೆ ಓಡಾಡಿಕೊಂಡು ಬದುಕುವ ಮಂದಿಗೆ ಇದನ್ನು ಯಾರು ಹೇಳಬೇಕು? ಆ ಹುಡುಗಿಗೆ ನಾನು ಹೇಳಿದೆ. ಜೀವನಾಂಶ ಕೇಳಬಹುದು, ಮದುವೆ ರದ್ದಾದರೂ ಕೂಸು ಕಾನೂನಿನ ಕಣ್ಣಲ್ಲಿ ಸಕ್ರಮವೇ ಅಂತಲೂ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಒಂಬತ್ತನೇತ್ತಕ್ಕ ಮತ್ತ ಸೇರಿಸ್ಕೋತಾರೇನ್ರಿ?"

ಇಷ್ಟು ಹೇಳಿದ ಮೇಲೆ ನನ್ನದನ್ನೂ ಹೇಳಬೇಕಲ್ಲ. ನನ್ನ ಮದುವೆ ಆದದ್ದು 1986ರಲ್ಲಿ. ಆಗ ನನಗೆ ಹದಿನೈದು. ಆಗಲೂ ಕಾನೂನಿನಲ್ಲಿ ಹದಿನೆಂಟೇ ಇತ್ತು, 1978ರಿಂದಲೂ ಇತ್ತು. ನಮ್ಮ ಊರಿಗೆ ಅದು ಬಂದಿರಲಿಲ್ಲ, ಅಷ್ಟೇ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ಅತ್ತೆ ಎಲ್ಲರೆದುರು ಹೇಳುತ್ತಿದ್ದರು. ಎಳೇದಿರುವಾಗ ತಂದರೆ ಮನೆಗೆ ಹೊಂದಿಕೊಳ್ಳುತ್ತಾಳೆ ಅಂತ ಅರ್ಥ. ಬಿದಿರು ಬಗ್ಗಿಸುವ ಮನೆಯವರೇ ಈ ಗಾದೆ ಹೇಳಿದರೆ ಏನು ಮಾಡೋದು? ನಾವು ಬಲಿತ ಬಿದಿರನ್ನೇ ಬೆಂಕಿ ತೋರಿಸಿ ನಿಧಾನಕ್ಕೆ ಬಗ್ಗಿಸುತ್ತೇವೆ. ಎಳೇದನ್ನು ಬಗ್ಗಿಸಿದರೆ ಸುಲಭವಾಗಿಯೇ ಬಗ್ಗುತ್ತದೆ, ಮೂರು ತಿಂಗಳಿಗೆ ಅಲ್ಲೇ ಒಡೆಯುತ್ತದೆ. ಅತ್ತೆಗೆ ಇದು ಗೊತ್ತಿತ್ತು. ಆದರೂ ಗಾದೆ ಗಾದೆಯೇ.

ನನ್ನ ಗಂಡ ಒಳ್ಳೆಯವರೇ ಇದ್ದರು. ಅದು ನನ್ನ ಪುಣ್ಯ, ಕಾನೂನಿನದ್ದಲ್ಲ. ಅವರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ ಹಣಕ್ಕೆ ಒಂದು ಕಚೇರಿಗೆ ಹೋದೆ. ಮದುವೆ ಸರ್ಟಿಫಿಕೇಟ್ ಕೇಳಿದರು. ಎಲ್ಲಿಂದ ತರಲಿ? ಮದುವೆ ಫೋಟೋ ಒಯ್ದೆ. ಅದರಲ್ಲಿ ಹಂದರದ ಗಳಗಳೆಲ್ಲ ಚೆನ್ನಾಗಿ ಕಾಣುತ್ತವೆ, ಗೆಣ್ಣು ಎಣಿಸಬಹುದು. ನನ್ನ ಮುಖ ಮಾತ್ರ ಬಾಸಿಂಗದ ಹಿಂದೆ. "ಇದರಲ್ಲಿ ನೀವು ಯಾರು?" ಅಂತ ಗುಮಾಸ್ತರು ಕೇಳಿದರು. ಹದಿಮೂರು ತಿಂಗಳು ಅಲೆದೆ. ಹುಡುಗಿಯಾಗಿ ಮದುವೆಯಾದಾಗ ಬೇಡವಾಗಿದ್ದ ಕಾಗದ ವಿಧವೆಯಾದಾಗ ಬೇಕಾಯ್ತು.

ಇನ್ನು ಈ ಪತ್ರಕ್ಕೆ ಕಾರಣವಾದ ಮಾತಿಗೆ ಬರುತ್ತೇನೆ.

ನಿಮ್ಮ ಕಾನೂನಿಗೆ ಮದುವೆ ಯಾವಾಗ ಕಾಣುತ್ತದೆ? ಹೆರಿಗೆ ವಾರ್ಡಿನಲ್ಲಿ. ಅಲ್ಲಿ ಕಂಡು ಏನು ಪ್ರಯೋಜನ? ಆಗ ಯಾರನ್ನು ಹಿಡಿದರೂ ಆ ಹುಡುಗಿಯ ಕೈಯಲ್ಲಿರುವುದೇ ಹೋಗುತ್ತದೆ. ಈಗ ನಮ್ಮ ಶೆಡ್ಡುಗಳಲ್ಲಿ ಹೊಸ ಮಾತು ಶುರುವಾಗಿದೆ. "ದವಾಖಾನಿಗೆ ಹೋಗಬ್ಯಾಡ್ರಿ, ಊರಿಗೆ ಕಳಿಸ್ರಿ, ಸೂಲಗಿತ್ತಿ ನೋಡ್ಕೋತಾಳ." ಕೇಳಿದರೆ ನನ್ನ ಕೈಕಾಲು ತಣ್ಣಗಾಗುತ್ತದೆ. ಹದಿನಾರರ ಹುಡುಗಿ ಆಸ್ಪತ್ರೆಗೆ ಹೆದರಿ ಮನೆಯಲ್ಲಿ ಹೆರಬೇಕಾ?

ಮದುವೆ ಎಲ್ಲರಿಗಿಂತ ಮೊದಲು ಕಾಣುವುದು ನಮಗೆ. ಪತ್ರಿಕೆ ಅಚ್ಚಾಗದ ಮದುವೆಗೂ ಹಂದರ ಬೇಕು. ಎಷ್ಟೇ ಗುಟ್ಟಾಗಿ ಮಾಡಲಿ, ಬಾಗಿಲ ಮುಂದೆ ನಾಲ್ಕು ಗಳ, ಮೇಲೊಂದಿಷ್ಟು ಸೊಪ್ಪು ಬೀಳದೆ ನಮ್ಮ ಕಡೆಯವರ ಮನಸ್ಸು ಒಪ್ಪುವುದಿಲ್ಲ. ಗಳ ಎರಡು ದಿನ ಮೊದಲು ಹೋಗುತ್ತದೆ. ಬುಕ್ಕಿಂಗ್ ನಾಲ್ಕು ದಿನ, ಎಂಟು ದಿನ ಮೊದಲು. ಆಮೇಲೆ ಅಡುಗೆಯವರು, ಬಾಜಾದವರು, ಬಳೆಗಾರರು. ನಮಗೆ ಗೊತ್ತಾದಾಗ ಅಕ್ಷತೆ ಇನ್ನೂ ಚೀಲದಲ್ಲೇ ಇರುತ್ತದೆ. ಆ ಹೊತ್ತಿಗೆ ಒಂದು ಫೋನ್ ಹೋದರೆ ಯಾರೂ ಜೈಲಿಗೆ ಹೋಗಬೇಕಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಮದುವೆಗೆ ತಡೆ ಹಾಕಬಹುದು. ತಡೆ ಮೀರಿ ಮಾಡಿದರೆ ಆ ಮದುವೆ ಇಲ್ಲಿಯೂ ಅಸಿಂಧು. ಮತ್ತೆ ಅದೇ ಕಲಮಿನಲ್ಲಿ ನಿಮ್ಮ ಬಗ್ಗೆಯೇ ಬರೆದಿದೆ ಸಾಹೇಬರೇ. ಅಕ್ಷಯ ತೃತೀಯದಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯೋಕೆ ಜಿಲ್ಲಾ ಮ್ಯಾಜಿಸ್ಟ್ರೇಟರೇ ನಿಷೇಧಾಧಿಕಾರಿ ಅಂತ. ನಮ್ಮ ಬಸವ ಜಯಂತಿ ಅದೇ ತಿಥಿಗೆ ಬರುತ್ತದೆ. ಮೇದಾರ ಕೇತಯ್ಯನನ್ನು ಶರಣ ಅಂತ ಅಪ್ಪಿಕೊಂಡ ಬಸವಣ್ಣನ ದಿನಕ್ಕೆ ನಾನು ಆ ಗಳಗಳನ್ನು ಕಳಿಸಿದೆನಲ್ಲ ಅಂತ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

10ನೇ ಕಲಮಿನಲ್ಲಿ ಮದುವೆ ಮಾಡಿಸಿದವರಿಗೆ, ನಡೆಸಿದವರಿಗೆ, ನೆರವಾದವರಿಗೆ ಎರಡು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ. ಇದು ಬಾಲ್ಯವಿವಾಹ ಅಲ್ಲ ಅಂತ ನಂಬೋಕೆ ತನಗೆ ಕಾರಣವಿತ್ತು ಅಂತ ತೋರಿಸಿದವರಿಗೆ ಮಾತ್ರ ಬಿಡುಗಡೆ. ಹಂದರದವರು ನೆರವಾದವರ ಲೆಕ್ಕಕ್ಕೆ ಬರುತ್ತಾರಾ ಇಲ್ವಾ ಅಂತ ವಕೀಲರು ವಾದ ಮಾಡಲಿ. ನನ್ನ ಮಟ್ಟಿಗೆ ನಾನು ಬರುತ್ತೇನೆ. ಕಾಗದ ಕೇಳಿ ನೋಡಿಟ್ಟುಕೊಂಡರೆ ಹುಡುಗಿಯೂ ಉಳಿದಳು, ನಾವೂ ಉಳಿದೆವು.

ಕಾಗದ ಅಂದರೆ ಆಧಾರ್ ಅಲ್ಲ. ನಮ್ಮ ಸೈಟಿನ ಮಂದಿಯ ಆಧಾರ್ ಕಾರ್ಡು ತೆಗೆದು ನೋಡಿ, ಅರ್ಧಕ್ಕರ್ಧ ಜನ ಜನವರಿ ಒಂದಕ್ಕೇ ಹುಟ್ಟಿದ್ದಾರೆ! ಗಂಡ, ಹೆಂಡತಿ, ಅತ್ತೆ, ಮೂರು ಮಕ್ಕಳು, ಎಲ್ಲರದೂ ಒಂದೇ ದಿನ ಹುಟ್ಟುಹಬ್ಬ. ಬಾಯಲ್ಲಿ ಹೇಳಿದ ವರ್ಷಕ್ಕೆ ಯಂತ್ರ ಜನವರಿ ಒಂದು ಅಂತ ಕೂಡಿಸಿದೆ. ಆಧಾರ್ ಹುಟ್ಟಿದ ತಾರೀಕಿಗೆ ಪುರಾವೆ ಅಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಶಾಲೆಯ ದಾಖಲೆ ನೋಡಬೇಕು, ಇಲ್ಲದಿದ್ದರೆ ಜನನ ಪ್ರಮಾಣಪತ್ರ. ಇಷ್ಟನ್ನು ನಮ್ಮಂಥವರಿಗೆ ಒಂದು ಹಾಳೆಯಲ್ಲಿ ಬರೆದು ಕೊಡಿ. ಅಕ್ಷಯ ತೃತೀಯ ಹತ್ತಿರ ಬಂದಾಗ ಕಚೇರಿಗಳಿಂದ ಸೂಚನೆ ಹೊರಡುತ್ತದೆ, ನೋಡಿದ್ದೇನೆ. ಮರಾಠಿಯಲ್ಲಿ ಇರುತ್ತದೆ. ನಮ್ಮ ಮಂದಿಗೆ ಅದರಲ್ಲಿ ಓದೋಕೆ ಬರುವುದು 1098 ಅನ್ನೋ ಅಂಕೆ ಮಾತ್ರ. ಅದು ಮಕ್ಕಳ ಸಹಾಯವಾಣಿಯ ನಂಬರು. ಯಾತಕ್ಕೆ ಅಂತ ಕೇಳಿದರೆ ಒಬ್ಬ ಗ್ಯಾಸ್ ಬುಕ್ಕಿಂಗಿಗೆ ಅಂದ.

ಕಾಗದ ಕೇಳಿದರೆ ಸಾಲದು, ಹೆಣ್ಣುಮಕ್ಕಳು ಇರುವ ಜಾಗವೂ ಸರಿಯಾಗಬೇಕು. ಬಿದಿರಿನವಳು ಇದನ್ನು ಬಿಟ್ಟರೆ ಇನ್ಯಾರು ಹೇಳುತ್ತಾರೆ?

ಕೋರ್ಟಿನ ಬೆಂಚಿನ ಮೇಲೆ ಆ ತಾಯಿಗೆ ಕೇಳಿದೆ, ಯಾಕವ್ವಾ ಇಷ್ಟು ಗಡಿಬಿಡಿ ಮಾಡಿದಿ ಅಂತ. ವರದಕ್ಷಿಣೆ ಕಡಿಮೆಯಾಗುತ್ತೆ ಅನ್ನುತ್ತಾಳೆ, ಜಾತಿಯವರ ಮಾತು ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಅಂದದ್ದು ಇಷ್ಟು: "ಬೆಳಗಾದ್ರ ನಾವಿಬ್ರೂ ಹತ್ತನೇ ಮಾಳಿಗಿ ಮ್ಯಾಲ ಇರ್ತೀವ್ರಿ. ಈಕಿ ಒಬ್ಬಾಕಿ ಪತ್ರಾದಾಗ. ಬಾಗಲಕ್ಕ ಚಿಲಕಿಲ್ಲ."

ನಾನು ಹೋಗಿ ನೋಡಿದೆ. ಹತ್ತಡಿ ಉದ್ದ, ಹತ್ತಡಿ ಅಗಲ, ನಾಲ್ಕೂ ಕಡೆ ಪತ್ರಾ. ಪತ್ರಾಗೆ ಪತ್ರಾ ಕೂಡುವಲ್ಲಿ ಕೈ ತೂರುವಷ್ಟು ಸಂದು. ಬಾಗಿಲೆಂದರೆ ಇನ್ನೊಂದು ಪತ್ರಾ, ಅದಕ್ಕೆ ತಂತಿ ಸುತ್ತಬೇಕು. ಹೊರಗಿನಿಂದಲೂ ಅದೇ ತಂತಿ ಬಿಚ್ಚಬಹುದು. ಬಚ್ಚಲಿಗೆ ನಾಲ್ಕು ಕಂಬ ನೆಟ್ಟು ಹಳೆಯ ಫ್ಲೆಕ್ಸ್ ಸುತ್ತಿದ್ದಾರೆ, ಯಾರೋ ಲೀಡರ ಹುಟ್ಟುಹಬ್ಬದ್ದು. ಹೆಣ್ಣುಮಕ್ಕಳು ಅವರ ನಗುಮುಖದ ಹಿಂದೆ ಸ್ನಾನ ಮಾಡಬೇಕು. ಪಕ್ಕದ ಸಾಲಿನಲ್ಲಿ ನಲವತ್ತು ಗಂಡಾಳು. ಮಗಳ ಮೈ ತುಂಬುತ್ತಿದ್ದ ಹಾಗೆ ಆ ತಾಯಿಗೆ ನಿದ್ದೆ ಬಂದಿಲ್ಲ. ಗಂಡ ಅನ್ನೋನು ಒಬ್ಬ ಇದ್ದರೆ ಬಾಗಿಲಿಗೆ ಚಿಲಕ ಇದ್ದ ಹಾಗೆ ಅಂತ ಅವಳ ಲೆಕ್ಕ. ತಪ್ಪು ಲೆಕ್ಕವೇ. ಆದರೆ ಆ ಚಿಲಕ ಹಾಕಿಸುವುದು ಯಾರ ಕೆಲಸವಾಗಿತ್ತು? ಕೆಲಸಗಾರರಿಗೆ ಇರೋಕೆ ಜಾಗ, ಬೇರೆ ಅಡುಗೆ ಜಾಗ, ಸ್ನಾನಕ್ಕೆ ಕಕ್ಕಸಿಗೆ ವ್ಯವಸ್ಥೆ ಮಾಲೀಕ ಕೊಡಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಕಟ್ಟಡದ ಖರ್ಚಿನ ಮೇಲೆ ಕಾರ್ಮಿಕರ ಕಲ್ಯಾಣಕ್ಕೆ ಅಂತ ಸೆಸ್ ಕೂಡ ವಸೂಲಾಗುತ್ತದೆ.

ಇನ್ನು ಮುಂದೆ ಈ ಜಾಗಗಳನ್ನು ಪತ್ರಾ ಬಿಟ್ಟು ಬಿದಿರಿನಲ್ಲಿ ಕಟ್ಟಿಸಿ. ನಾನು ಇದನ್ನು ಕೇಳುತ್ತಿರುವುದು ವ್ಯಾಪಾರಕ್ಕಾಗಿ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ಇರಬಹುದು, ಇಲ್ಲ ಅನ್ನಲ್ಲ. ಆದರೂ ಕೇಳಿ.

ಬಿದಿರು ಬಡವರ ಗುಡಿಸಲಿನ ಸಾಮಾನು ಅಂತ ಜನ ಮೂಗು ಮುರಿಯುತ್ತಾರೆ. ಅದೇ ಬಿದಿರನ್ನು ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನ ಒಳಛಾವಣಿಗೆಲ್ಲ ಹೊದಿಸಿದ್ದಾರೆ, ಜನ ತಲೆ ಎತ್ತಿ ಫೋಟೋ ಹೊಡೆಯುತ್ತಾರೆ. ಅಸ್ಸಾಮಿನಲ್ಲಿ ಬಿದಿರು, ಜೊಂಡಿನ ತಟ್ಟಿಗೆ ಗಾರೆ ಬಳಿದು ಕಟ್ಟುವ ಮನೆಗಳು ಭೂಕಂಪಕ್ಕೆ ಒಗ್ಗಿಕೊಂಡವು. 1993ರಲ್ಲಿ ಕಿಲ್ಲಾರಿ ಭೂಕಂಪ ಆದಾಗ ಜನರನ್ನು ಕೊಂದದ್ದು ದಪ್ಪ ದಪ್ಪ ಕಲ್ಲಿನ ಗೋಡೆಗಳು. ಆಳಂದ ಕಡೆಯ ಹಿರಿಯರಿಗೆ ಆ ನಸುಕು ಇನ್ನೂ ನೆನಪಿದೆ. ಬಿದಿರು ಹಗುರ. ಮೇಲೆ ಬಿದ್ದರೂ ಏಳಬಹುದು.

ಸುಮ್ನೆ ಕಡಿದು ತಂದು ನೆಟ್ಟರೆ ಆಗದು, ಅದನ್ನೂ ಹೇಳಿಬಿಡುತ್ತೇನೆ. ಹಸಿ ಗಳವನ್ನು ಹಾಗೇ ನೆಲದಲ್ಲಿ ಹೂತರೆ ಎರಡು ಮೂರು ವರ್ಷಕ್ಕೆ ಬುಡ ಕೊಳೆಯುತ್ತದೆ. ಒಳಗಿನ ಗಂಜಿ ತಿನ್ನೋಕೆ ಹುಳ ಬರುತ್ತದೆ, ರಾತ್ರಿ ಕರಕರ ಸದ್ದು ಕೇಳಿಸುತ್ತದೆ, ಬೆಳಿಗ್ಗೆ ನೆಲದ ಮೇಲೆ ಹಿಟ್ಟು. ಅದಕ್ಕೆ ಮಳೆಗಾಲದಲ್ಲಿ ಕಡಿಯಬಾರದು. ಮೂರು ವರ್ಷ ತುಂಬಿದ್ದನ್ನು, ಮಳೆ ಮುಗಿದು ಗಂಜಿ ಇಳಿದ ಮೇಲೆ ಕಡಿಯಬೇಕು. ಉದ್ದ ಸರಳಿನಿಂದ ಒಳಗಿನ ಗೆಣ್ಣಿನ ಪರದೆಗಳನ್ನೆಲ್ಲ ತೂತು ಮಾಡಬೇಕು. ಬೋರಾಕ್ಸ್ ಮತ್ತು ಬೋರಿಕ್ ಪುಡಿ ಕಲಸಿದ ನೀರಲ್ಲಿ ಮುಳುಗಿಸಿ ವಾರವಾದರೂ ಬಿಡಬೇಕು. ನೂರು ಲೀಟರಿಗೆ ಐದು ಕಿಲೋ ಪುಡಿ. ಆಮೇಲೆ ನೆರಳಲ್ಲಿ ಒಣಗಿಸಬೇಕು, ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಈ ಔಷಧ ಮಳೆಗೆ ತೊಳೆದುಹೋಗುತ್ತದೆ. ಹಾಗಾಗಿ ಬುಡವನ್ನು ಒಂದೂವರೆ ಅಡಿ ಎತ್ತರದ ಕಾಂಕ್ರೀಟ್ ಕಟ್ಟೆ ಮೇಲೆ ಕೂರಿಸಬೇಕು, ಸೂರು ಎರಡಡಿ ಮುಂದಕ್ಕೆ ಚಾಚಿರಬೇಕು. ಕಾಲಿಗೆ ನೀರು ತಾಗಬಾರದು, ಮೈಗೆ ಮಳೆ ಹೊಡೆಯಬಾರದು. ಇಷ್ಟು ನೋಡಿಕೊಂಡರೆ ಹತ್ತು ಹದಿನೈದು ವರ್ಷಕ್ಕೆ ಮೋಸ ಇಲ್ಲ. ಒಂದು ಸೈಟು ಮುಗಿದ ಮೇಲೆ ಬಿಚ್ಚಿ ಇನ್ನೊಂದು ಸೈಟಿಗೆ ಒಯ್ಯಬಹುದು.

ಮೊಳೆ ಹೊಡೆಯಬಾರದು, ಬಿದಿರು ಉದ್ದಕ್ಕೆ ಒಡೆಯುತ್ತದೆ. ತೂತು ಕೊರೆದು ಬೋಲ್ಟ್ ಹಾಕಬೇಕು, ಅದೂ ಗೆಣ್ಣಿನ ಹತ್ತಿರ. ಇದಕ್ಕೆ ನಮ್ಮ ಕಡೆ ಒಳ್ಳೆಯದು ಸಿಂಧುದುರ್ಗದಿಂದ ಬರುವ ಮಾಣಗಾ. ಕರ್ನಾಟಕದಲ್ಲಿ ಮರಿಹಾಳ ಬಿದಿರು ಅಂತಾರಲ್ಲ, ಅದೇ ಜಾತಿ. ಒಳಗೆ ಹೆಚ್ಚು ಕಡಿಮೆ ಗಟ್ಟಿ, ಮುಳ್ಳಿಲ್ಲ, ನೆಟ್ಟಗಿರುತ್ತದೆ. ಗೋಡೆಗೆ ಹೆಣೆದ ತಟ್ಟಿ, ಅದರ ಮೇಲೆ ಜಾಳಿಗೆ, ಎರಡೂ ಕಡೆ ಸಿಮೆಂಟ್ ಗಾರೆ. ಸಂದು ಇರುವುದಿಲ್ಲ. ಮೇ ತಿಂಗಳಲ್ಲಿ ಪತ್ರಾದ ಹಾಗೆ ಹಂಚಿನಂತೆ ಕಾಯುವುದೂ ಇಲ್ಲ. ಬೆಂಕಿಯ ಭಯ ಇದೆ, ನಿಜ. ಒಲೆಯನ್ನು ಬೇರೆ ಕಟ್ಟೆಗೆ ಹಾಕಿ. ಗಾರೆ ಬಳಿದದ್ದಕ್ಕೆ ಬೆಂಕಿ ಬೇಗ ಹತ್ತುವುದಿಲ್ಲ. ಇದು ನನ್ನ ಮಾತು ಮಾತ್ರ ಅಲ್ಲ. ಬಿದಿರಿನ ಕಟ್ಟಡಕ್ಕೆ ಸರಕಾರದ್ದೇ ಮಾನಕ ಇದೆ, ಐಎಸ್ 15912. ಔಷಧ ಹಾಕುವುದಕ್ಕೆ ಐಎಸ್ 9096. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಬಿದಿರಿಗೆ ಜಾಗ ಇದೆ. ನಿಮ್ಮ ಇಂಜಿನಿಯರು ಬಿದಿರಿಗೆ ನಿಯಮ ಇಲ್ಲ ಅಂದರೆ ಈ ನಂಬರು ಕೊಡಿ.

ಮೊದಲು ಬಿದಿರು ತರೋಕೆ ಪರವಾನಗಿಯ ರಗಳೆ ಬೇರೆ ಇತ್ತು. 1927ರ ಅರಣ್ಯ ಕಾಯ್ದೆಯಲ್ಲಿ ಬಿದಿರನ್ನು ಮರ ಅಂತ ಬರೆದಿದ್ದರು. ಹುಲ್ಲು ಅದು, ಮರ ಅಲ್ಲ. ಮೇದಾರರ ಮಕ್ಕಳಿಗೂ ಗೊತ್ತು. ಹೊಲದಲ್ಲಿ ಬೆಳೆದ ಬಿದಿರಿಗೆ ಆ ಹೆಸರು ತೆಗೆಯೋಕೆ 2017 ಬರಬೇಕಾಯ್ತು. ಕಾಗದದಲ್ಲಿ ಹುಲ್ಲು ಮರವಾಗಬಹುದು, ಹದಿನೈದರ ಹುಡುಗಿ ಹತ್ತೊಂಬತ್ತಾಗಬಹುದು. ಕಾಗದ ಅಂದರೆ ನನಗೆ ಗೌರವ ಇದೆ, ನಂಬಿಕೆ ಸ್ವಲ್ಪ ಕಡಿಮೆ.

ಪ್ರತಿ ಲೇಬರ್ ಕ್ಯಾಂಪಿನಲ್ಲಿ ಹೆಣ್ಣುಮಕ್ಕಳಿಗೆ ಅಂತ ಒಂದು ಕೋಣೆ ಸಾಕು ಮೊದಲಿಗೆ. ಹಗಲು ಅಪ್ಪ ಅಮ್ಮ ಮೇಲೆ ಇರುವಾಗ ಅವರು ಕೂತು ಓದೋಕೆ, ಒಬ್ಬ ಆಯಾ ಇರೋಕೆ. ಒಳಗಿನಿಂದ ಚಿಲಕ, ಪಕ್ಕದಲ್ಲಿ ಗೋಡೆಯಿರುವ ಬಚ್ಚಲು. ಇದನ್ನು ಕಟ್ಟದೆ ಕ್ಯಾಂಪು ನಡೆಸಬೇಡಿ ಅಂತ ಬಿಲ್ಡರುಗಳಿಗೆ ನೀವು ಹೇಳಿದರೆ ಕೇಳುತ್ತಾರೆ. ನಾನು ಹೇಳಿದರೆ ಬಿದಿರು ಬೇರೆ ಕಡೆ ತರುತ್ತಾರೆ. ಮೊದಲ ಕೋಣೆಗೆ ಗಳ, ತಟ್ಟಿ, ಔಷಧ ನನ್ನದು. ಕೂಲಿಗೂ ನಾನು ಮತ್ತು ನನ್ನ ಮಗ ಬರುತ್ತೇವೆ. ಚಿಲಕ ಮಾತ್ರ ಸರಕಾರದ್ದಿರಲಿ.

ಆ ಹುಡುಗಿಯ ಕೇಸು ನಡೆಯುತ್ತಿದೆ, ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದು ಸರಿಯಲ್ಲ. ಅವಳು ಈಗ ವಾರಕ್ಕೆ ಮೂರು ದಿನ ಕೂಸನ್ನು ಕರೆದುಕೊಂಡು ವಖಾರಿಗೆ ಬರುತ್ತಾಳೆ. ಲೆಕ್ಕ ಬರೆಯುತ್ತಾಳೆ. ಮಗ ಅವಳಿಗೆ ಹತ್ತನೇ ಪರೀಕ್ಷೆಗೆ ಹೊರಗಿನಿಂದ ಕೂರುವ ಅರ್ಜಿ ತುಂಬಿಸುತ್ತಿದ್ದಾನೆ.

ನನ್ನ ರಸೀದಿ ಪುಸ್ತಕ ಹೊಸದಾಗಿ ಅಚ್ಚು ಹಾಕಿಸಿದ್ದೇನೆ. ಗಳ ಎಷ್ಟು, ದಿನ ಎಷ್ಟು, ಮುಂಗಡ ಎಷ್ಟು ಅನ್ನೋ ಸಾಲುಗಳ ಕೆಳಗೆ ಇನ್ನೊಂದು ಸಾಲು: ಮದುಮಗಳು ಹುಟ್ಟಿದ ದಿನ, ಶಾಲೆಯ ದಾಖಲೆ ನೋಡಿ. ಇದರಿಂದ ಮೂರು ಹಂದರದ ಗಿರಾಕಿಗಳು ಎದ್ದು ಹೋದರು. ಇಬ್ಬರು ಬೇರೆ ವಖಾರಿಯಿಂದ ಗಳ ತಂದರು ಅಂತ ಗೊತ್ತಾಯ್ತು, 1098ಕ್ಕೆ ಫೋನ್ ಮಾಡಿದೆ. ಮೂರನೆಯವರು ಒಂದು ವಾರದ ಮೇಲೆ ಮುಂಗಡ ವಾಪಸ್ ಕೇಳೋಕೆ ಬಂದರು. ಮದುವೆ ಮುಂದಕ್ಕೆ ಹಾಕಿದ್ದೇವೆ ಅಂದರು. ಹುಡುಗಿಯೂ ಜೊತೆಗೇ ಇದ್ದಳು, ಚಹಾ ಕುಡಿದು ಹೋದಳು.

ನಿಮ್ಮ ಸೂಚನೆ ಕನ್ನಡದಲ್ಲಿ ಅಚ್ಚಾದರೆ ಐವತ್ತು ಪ್ರತಿ ನನಗೆ ಕಳಿಸಿ. ಹೊರಡುವ ಪ್ರತಿ ಕಟ್ಟಿಗೂ ಒಂದೊಂದು ಸುತ್ತಿ ಕಳಿಸುತ್ತೇನೆ. ಬೇಗ ಕಳಿಸಿ, ಲಗ್ನದ ದಿನಗಳು ಹತ್ತಿರ ಬಂದಿವೆ. ವಖಾರಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ, ಭಾನುವಾರವೂ.

ಇಂತಿ,
ಬಿದಿರು ವಖಾರಿಯ ಒಬ್ಬ ಹೆಣ್ಣುಮಗಳು, ಪುಣೆ